ಸದಸ್ಯರು ಕನ್ನಡದಲ್ಲಿ ಮಾತನಾಡಿದರು

ತಿಪ್ಪೇರುದ್ರಸ್ವಾಮಿಯವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹಿಂದಿಯೂ ಬರುತ್ತಿರಲಿಲ್ಲ.

“ಎರಡೂ ಇಲ್ದೆ ಐದು ವರ್ಷ ದಿಲ್ಲಿಯೋರ ಬೆವರಿಳಿಸಿದ್ರು ಕಣ್ರಪ್ಪ ನಮ್ ಮೇಷ್ಟ್ರು,” ಎಂದು ಸಂತೇಬೆನ್ನೂರಿನ ಪರಶುರಾಮ್ ಹೆಣದ ಎದುರಿಗೇ ನಿಂತು ಹೇಳುತ್ತಿದ್ದ. ಕೆಂಚೇಶ್ ಆಗ ಹೆಣದ ಕಂಕುಳಡಿಗೆ ಪಂಚೆ ತೂರಿಸಿ ಗೋಡೆಯ ಗೂಟಕ್ಕೆ ಬಿಗಿಯುತ್ತಿದ್ದ. ಕೂರಿಸಿಯೇ ಮಣ್ಣು ಮಾಡುವ ಜನ. ಮಧ್ಯಾಹ್ನದವರೆಗೆ ಮೇಷ್ಟ್ರು ಪಡಸಾಲೆಯಲ್ಲಿ ನೆಟ್ಟಗೆ ಕೂತಿರಬೇಕಿತ್ತು. ಜೀವ ಹೋಗಿ ಬಹಳ ಹೊತ್ತಾಗಿರಲಿಲ್ಲ. ತಲೆ ಎಡಕ್ಕೆ ವಾಲುತ್ತಿತ್ತು. ಕೆಂಚೇಶ್ ಎರಡು ಸಲ ಎತ್ತಿ ನಿಲ್ಲಿಸಿದ. ಮೂರನೇ ಸಲ ಹಣೆಗೂ ಒಂದು ಬಟ್ಟೆ ಸುತ್ತಿ ಗೂಟಕ್ಕೆ ಕಟ್ಟಿದ.

“ಅಷ್ಟು ಬಿಗೀಬ್ಯಾಡಲೋ, ಉಸಿರು ಕಟ್ಟೀತು,” ಎಂದು ಒಬ್ಬ ಮುದುಕ ಅಂದ. ಒಂದಿಬ್ಬರು ನಕ್ಕರು.

ಸೊಕ್ಕೆ ಊರಿನ ಆ ಮನೆಯ ಮುಂದೆ ಹತ್ತು ಗಂಟೆಗೂ ನೂರು ಜನ ಸೇರಿರಲಿಲ್ಲ. ಒಂದು ಸಲ ಸಂಸದರಾಗಿ, ಎರಡನೇ ಸಲ ಠೇವಣಿ ಕಳೆದುಕೊಂಡು, ಆಮೇಲಿನ ಹನ್ನೊಂದು ವರ್ಷ ಜಗಳೂರಿಗೆ ಬಸ್ಸಿನಲ್ಲಿ ನಿಂತು ಓಡಾಡಿದ ಮನುಷ್ಯ. ತಹಶೀಲ್ದಾರರು ಬಂದು ಹಾರ ಹಾಕಿ, ಫೋಟೋ ಬಂತೇ ಎಂದು ಕೇಳಿಕೊಂಡು ಹೋಗಿದ್ದರು. ಪಕ್ಷದ ಕಡೆಯಿಂದ ಒಂದು ಬಾವುಟ ಬಂದಿತ್ತು. ಅದನ್ನು ಹೊದಿಸಬೇಕಾದವರು ಬಂದಿರಲಿಲ್ಲ. ಬಾವುಟ ಮಡಿಸಿದ ಹಾಗೆಯೇ ಕಿಟಕಿಯಲ್ಲಿತ್ತು.

ಕೆಂಚೇಶ್ ಇದೇ ಊರಿನ ಶಾಲೆಯಲ್ಲಿ ಮೇಷ್ಟ್ರಿಂದ ಕಾಗುಣಿತ ಕಲಿತವನು. ಅವರು ಗೆದ್ದಾಗ ಇವನಿಗೆ ಇಪ್ಪತ್ತೈದು. ಟೈಪಿಂಗ್ ಗೊತ್ತಿತ್ತು, ತಡವರಿಸಿ ಇಂಗ್ಲಿಷ್ ಓದುತ್ತಿದ್ದ. ಅಷ್ಟರ ಮೇಲೆಯೇ ಮೇಷ್ಟ್ರು ಅವನನ್ನು ಪಿ.ಎ. ಮಾಡಿಕೊಂಡು ದಿಲ್ಲಿಗೆ ಕರೆದುಕೊಂಡು ಹೋದರು. ಈಗ ಜಗಳೂರು ತಾಲ್ಲೂಕು ಕಚೇರಿಯ ಎದುರು ಅವನದೊಂದು ಜೆರಾಕ್ಸ್ ಅಂಗಡಿ ಇದೆ. ಮೇಷ್ಟ್ರು ಪೇಟೆಗೆ ಬಂದಾಗಲೆಲ್ಲ ಅಲ್ಲಿ ಸ್ಟೂಲಿನ ಮೇಲೆ ಕೂತು, ನೀರು ಕುಡಿದು, ಏಳುವ ಮುಂಚೆ ಒಂದೇ ಮಾತು ಕೇಳುತ್ತಿದ್ದರು: “ಉತ್ತರ ಬಂತೇನೋ, ಕೆಂಚ?”

“ಇಲ್ಲ ಮೇಷ್ಟ್ರೇ.”

“ಬರ್ಲಿ ಬಿಡು.”

ಹೋದ ವಾರ ಆಸ್ಪತ್ರೆಯ ಮಂಚದ ಮೇಲೂ ಅದನ್ನೇ ಕೇಳಿದ್ದರು.

“ಸುನಿತಾ, ಆ ಪುಸ್ತಕಗಳ್ನ ತಂದು ಮುಂದೆ ಇಡವ್ವ. ಜನಕ್ಕೆ ಗೊತ್ತಾಗ್ಲಿ, ಇವರು ಬರೀ ಕುಂತು ಎದ್ದು ಬಂದೋರಲ್ಲ ಅಂತ,” ಎಂದ ಪರಶುರಾಮ್.

ಮೇಷ್ಟ್ರ ಮಗಳು ಸುನಿತಾ ಒಳಗಿನಿಂದ ದಪ್ಪ ರಟ್ಟಿನ ಏಳು ಸಂಪುಟ ತಂದು ಹೆಣದ ಕಾಲ ಬಳಿ ಪೇರಿಸಿದಳು. ಸದನದಲ್ಲಿ ಯಾರು ಏನು ಮಾತನಾಡಿದರೆಂಬುದರ ಅಚ್ಚಾದ ವರದಿ. ತಾವು ಮಾತನಾಡಿದ ದಿನಗಳ ಸಂಪುಟಗಳನ್ನಷ್ಟೇ ಮೇಷ್ಟ್ರು ಟ್ರಂಕಿನಲ್ಲಿ ಊರಿಗೆ ತಂದಿದ್ದರು. ಎಲ್ಲ ಇಂಗ್ಲಿಷಿನಲ್ಲಿ. ಈ ಮನೆಯಲ್ಲಿ ಅವನ್ನು ಯಾರೂ ತೆರೆದಿಲ್ಲವೆಂದು ಕೆಂಚೇಶ್ ನಂಬಿಕೊಂಡಿದ್ದ. ಈಗ ಅವುಗಳ ಮೇಲೆ ಯಾರೋ ಒಂದು ಹಿಡಿ ಬಿಡಿ ಹೂವು ಹಾಕಿದರು.

“ನಮ್ಮ ಕೆರೆ ವಿಷಯ ಇದರಾಗೇ ಐತಲ್ಲ,” ಎಂದು ಚನ್ನಗಿರಿಯ ಗುರುಬಸವರಾಜ್ ಕುರ್ಚಿ ಎಳೆದುಕೊಂಡ. “ಸೂಳೆಕೆರೆ ಹೂಳು ತೆಗೆಸ್ರಿ ಅಂತ ಮೇಷ್ಟ್ರು ಎದ್ದು ಕೇಳ್ಯಾರೆ. ಕನ್ನಡದಾಗೆ ಹೇಳಿದ್ದನ್ನ ಒಳಗೆ ಕುಂತು ಒಬ್ಬ ಇಂಗ್ಲಿಷ್ ಮಾಡ್ಬೇಕಲ್ಲ, ಅವ್ನು ಕೆರೆ ಹೆಸರಿಗೂ ಅರ್ಥ ಹೇಳಿಬಿಟ್ಟಾನೆ! ಸಭೆಯೆಲ್ಲ ಕೊಳ್ ಅಂತು. ಕೆಟ್ಟ ಮಾತು ಅಂತ ಹೆಸರು ತೆಗೆದು ಮೂರು ಚುಕ್ಕೆ ಹಾಕಿದ್ರು.”

“ಕೆರೆಗೆ ಇನ್ನೊಂದು ಹೆಸರೈತಲ್ಲ, ಶಾಂತಿಸಾಗರ ಅಂದಿದ್ರೆ ಮುಗೀತಿತ್ತು,” ಎಂದು ಇನ್ನೊಬ್ಬ ಅಂದ.

“ಅನ್ಲಿಲ್ಲ ಅಲ್ಲೇನ್ರಿ! ಮಾರನೇ ದಿನ ಮತ್ತೆ ಎದ್ದು ನಿಂತ್ರು. ಕೆರೆ ಕಟ್ಟಿಸಿದಾಕೆ ಹೆಸರು ಅದು, ಆಕೆ ನೀರಿಗೆ ತೆರಿಗೆ ತಗಳ್ಳಾಕೆ ನಾಚಿಕೆ ಇಲ್ಲ, ಹೆಸರು ಅಚ್ಚು ಹಾಕಾಕೆ ನಾಚಿಕೇನಾ ಅಂದ್ರು. ಚುಕ್ಕೆ ತೆಗೆದು ಹೆಸರು ಹಾಕಿದ್ರು ನೋಡಪ್ಪ.”

ಜನ ಹೆಣದ ಮುಂದೆಯೇ ಜೋರಾಗಿ ನಕ್ಕರು. ಮೂಲೆಯಲ್ಲಿ ಕೂತಿದ್ದ ಮೇಷ್ಟ್ರ ಹೆಂಡತಿ ಲಕ್ಷ್ಮಿದೇವಿಯೂ ಸೆರಗು ಬಾಯಿಗಿಟ್ಟುಕೊಂಡರು.

“ಅದು ಕೇಳಿದ ಮಾತು. ನಾನು ಕಣ್ಣಾರೆ ನೋಡೀನಿ,” ಎಂದು ಪರಶುರಾಮ್ ಶುರುಮಾಡಿದ. ಕೆಂಚೇಶ್‌ಗೆ ಗೊತ್ತಿತ್ತು, ಈ ಮಾತು ಬರುತ್ತದೆಂದು. ಹದಿಮೂರು ವರ್ಷದಿಂದ ಮದುವೆ, ತಿಥಿ ಎನ್ನದೆ ಎಲ್ಲ ಕಡೆ ಬಂದಿದೆ. “ನಾವು ಸಂತೇಬೆನ್ನೂರಿಂದ ಎಂಟು ಜನ ದಿಲ್ಲಿಗೆ ಹೋಗಿದ್ವಿ. ಈ ಕೆಂಚೇಶನೇ ಪಾಸು ಮಾಡಿಸಿ ಮೇಲಿನ ಗ್ಯಾಲರಿಗೆ ಕೂರಿಸ್ದ. ಗೇಟಿನಾಗೆ ನನ್ನ ಅಡಕತ್ತರಿ ಹಿಡ್ಕಂಬಿಟ್ರು ಪೊಲೀಸ್ರು! ಆಯುಧ ಅಂತೆ. ಅಡಿಕೆ ಕತ್ತರಿಸಾದು ಕಣಪ್ಪ ಅಂದ್ರೆ ಕೇಳ್ತಾರಾ? ಅವತ್ತು ಮೇಷ್ಟ್ರು ನ್ಯಾಮತಿ ಬುಡನ್‌ಸಾಬನ ಹೆಂಡ್ತಿ ವಿಷಯ ಎತ್ತಿದ್ರು. ಕೊಲ್ಲಿ ದೇಶಕ್ಕೆ ಅಡಿಗೆ ಕೆಲ್ಸಕ್ಕೆ ಹೋಗಿ ಸುದ್ದೀನೇ ಇಲ್ದೆ ಹೋದ್ಲಲ್ಲ, ಆ ಗುಲ್ಜಾರ್‌ಬೀ. ಏನು ಮಾತು! ಇಡೀ ಸಭೆ ಗಪ್‌ಚುಪ್. ಎಲ್ರೂ ಕಿವಿಗೆ ಒಂದು ಹಾಕ್ಕಂಡಿರ್ತಾರಲ್ಲ, ಅದನ್ನ ತೆಗೆದು ಮುಂದೆ ಇಟ್ಟು, ಹಂಗೇ ನೋಡ್ತಾ ಕುಂತ್ರು. ಅಷ್ಟು ಮರ್ಯಾದೆ!”

ಕೆಂಚೇಶ್ ಎದ್ದು ಹೊರಗೆ ಹೋದ.

ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದವನು ಅನೀಸ್. ಬುಡನ್‌ಸಾಬನ ಮಗ. ಆಗ ಹನ್ನೊಂದು ವರ್ಷದವನಿದ್ದ. ಈಗ ಹೊನ್ನಾಳಿಯಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಎರಡು ಬಸ್ಸು ಬದಲಾಯಿಸಿ ಬಂದಿದ್ದ. ಮೇಷ್ಟ್ರಿಗೆ ಕೈ ಮುಗಿದು ಬಂದು ನೇರವಾಗಿ ಕೆಂಚೇಶ್ ಹತ್ತಿರ ನಿಂತ.

“ಅಣ್ಣ, ಒಂದು ಮಾತು ಕೇಳ್ಲಾ? ಇಂಥಾ ದಿನ ಕೇಳಬಾರ್ದು.”

“ಕೇಳು.”

“ಅಬ್ಬಾಗೆ ಕಣ್ಣು ಹೋಗ್ತಾ ಐತೆ. ಅಮ್ಮಿದು ಗೋರಿ ಇಲ್ಲ, ಸರ್ಟಿಫಿಕೇಟಿಲ್ಲ. ರೇಷನ್ ಕಾರ್ಡಿನಾಗೆ ಇದ್ದ ಹೆಸರೂ ತೆಗೆದುಹಾಕ್ಯಾರೆ. ಮೇಷ್ಟ್ರು ದಿಲ್ಲಿಯಾಗೆ ಹೇಳಿದ ಮಾತು ಪುಸ್ತಕದಾಗೆ ಅಚ್ಚಾಗಿರುತ್ತಲ್ಲ, ಅದೊಂದು ಪುಟ ಬೇಕಂತೆ. ಆಕೆ ಹೆಸರು ಅಚ್ಚಾಗಿರೋದು ಅದೊಂದೇ ಜಾಗ ಅಂತಾರೆ. ಗೋಡೆಗೆ ಹಾಕ್ತಾರಂತೆ.”

ಕೆಂಚೇಶ್ ಒಳಗಿನ ಏಳು ಸಂಪುಟಗಳನ್ನು ನೋಡಿದ. “ಮಣ್ಣಾಗ್ಲಿ. ಆಮೇಲೆ ನೋಡನ,” ಎಂದ.

* * *

ಸದನದಲ್ಲಿ ಕನ್ನಡದಲ್ಲಿ ಮಾತನಾಡಲು ಅಡ್ಡಿಯಿರಲಿಲ್ಲ. ಆದರೆ ಬೆಳಿಗ್ಗೆ ಹತ್ತರೊಳಗೆ ಒಂದು ಚೀಟಿ ಕೊಡಬೇಕಿತ್ತು: ಈ ದಿನ ಇಂಥ ಸದಸ್ಯರು ಕನ್ನಡದಲ್ಲಿ ಮಾತನಾಡುತ್ತಾರೆ. ಚೀಟಿ ಬಂದರೆ ಭಾಷಾಂತರಕಾರ ಬಂದು ಗಾಜಿನ ಕೋಣೆಯಲ್ಲಿ ಕೂರುತ್ತಿದ್ದ. ಅವನು ಹೇಳಿದ ಇಂಗ್ಲಿಷ್ ಎಲ್ಲರ ಕಿವಿಗೂ ಹೋಗುತ್ತಿತ್ತು, ವರದಿಗೂ ಹೋಗುತ್ತಿತ್ತು. ಚೀಟಿ ಇಲ್ಲದಿದ್ದರೆ ಕೋಣೆ ಖಾಲಿ. ಚೀಟಿ ಕೊಡುವುದು ಕೆಂಚೇಶ್ ಕೆಲಸ.

ಗುಲ್ಜಾರ್‌ಬೀ ವಿಷಯ ಎತ್ತಲು ವಿದೇಶಾಂಗ ಖಾತೆಯ ಚರ್ಚೆಯಲ್ಲಿ ಮೇಷ್ಟ್ರಿಗೆ ನಾಲ್ಕು ನಿಮಿಷ ಸಿಕ್ಕಿತ್ತು. ಅದಕ್ಕಾಗಿ ಏಳು ವಾರ ಪಕ್ಷದ ಮುಖಂಡರ ಬಾಗಿಲು ಕಾದಿದ್ದರು. ಹಿಂದಿನ ದಿನ ಕ್ವಾರ್ಟರ್ಸಿನ ಮೇಜಿಗೆ ಕೂತು ಬರೆದರು, ಹೊಡೆದರು, ಮತ್ತೆ ಬರೆದರು. ಅವರು ನಿಮಿಷಕ್ಕೆ ನೂರಹತ್ತು ಪದ ಓದುತ್ತಿದ್ದರು. ಎಣಿಸುವುದೂ ಕೆಂಚೇಶ್ ಕೆಲಸವೇ.

“ಎಷ್ಟಾತೋ?”

“ನಾನೂರ ಐವತ್ತೆಂಟು.”

“ಹದಿನೆಂಟು ಜಾಸ್ತಿ. ಏನು ತೆಗೀಲಿ? ಮಂತ್ರಿಗಳನ್ನ ಹೊಗಳಿದ್ದು ತೆಗಿ.”

“ಈಗ ನಾನೂರ ಮೂವತ್ತಾರು.”

“ನಾಲ್ಕು ಉಳೀತು. ಉಸಿರು ತಗಳ್ಳಾಕೆ ಬೇಕು, ಇರ್ಲಿ.” ಮೇಷ್ಟ್ರು ಹಾಳೆ ಎತ್ತಿ ಹಿಡಿದು ನೋಡಿದರು. “ಚೀಟಿ ಮರೀಬ್ಯಾಡ ಕೆಂಚ. ಹೂಳಿನ ವಿಷಯ ನಾಳೆ ಕೇಳಿದ್ರೂ ಹೂಳು ಅಲ್ಲೇ ಇರುತ್ತೆ. ಇದು ಹಂಗಲ್ಲ.”

ಚೀಟಿ ಬರೆದು ಕೆಂಚೇಶ್ ಅಂಗಿ ಜೇಬಿಗೆ ಹಾಕಿಕೊಂಡ.

ಬೆಳಿಗ್ಗೆ ಎಂಟಕ್ಕೆ ಸಂತೇಬೆನ್ನೂರಿನ ಎಂಟು ಜನ ಬಾಗಿಲಲ್ಲಿದ್ದರು. ಗ್ಯಾಲರಿ ಪಾಸು ಬೇಕು. ಒಬ್ಬನ ಗುರುತಿನ ಚೀಟಿಯಲ್ಲಿ ಹೆಸರು ಬೇರೆ, ಇನ್ನೊಬ್ಬ ಚೀಟಿಯನ್ನೇ ತಂದಿಲ್ಲ. ಪಾಸು ಕೈಗೆ ಬಂದಾಗ ಒಂಬತ್ತೂವರೆ. ಗೇಟಿನಲ್ಲಿ ಪರಶುರಾಮ್‌ನ ಸೊಂಟದ ಚೀಲದಿಂದ ಅಡಕತ್ತರಿ ಬಿತ್ತು. ಪೊಲೀಸರು ಅವನನ್ನು ಗೋಡೆಗೆ ನಿಲ್ಲಿಸಿದರು. ಬಿಟ್ಟು ಬಾ ಎಂದರೆ ಪರಶುರಾಮ್ ಒಪ್ಪಲಿಲ್ಲ. ಅಪ್ಪನ ಕಾಲದ ಅಡಕತ್ತರಿ, ಹಿತ್ತಾಳೆ ಹಿಡಿ. ಅವನಿಗೆ ಹಿಂದಿ ಬಾರದು, ಪೊಲೀಸರಿಗೆ ಅಡಿಕೆ ಗೊತ್ತಿಲ್ಲ. ಕೆಂಚೇಶ್ ಇಬ್ಬರ ನಡುವೆ ನಿಂತು ಅಡಕತ್ತರಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಹುಡುಕಿದ. ಸಿಗಲಿಲ್ಲ. ಕೈಯಲ್ಲಿ ಕತ್ತರಿಸಿ ತೋರಿಸಿದ. ಮೇಲಧಿಕಾರಿ ಬಂದು, ದಾಖಲೆ ಬರೆದು, ರಸೀದಿ ಕೊಟ್ಟು ಮುಗಿಸುವಾಗ ಹನ್ನೊಂದೂಕಾಲು.

ಆಗ ಜೇಬು ಮುಟ್ಟಿ ನೋಡಿಕೊಂಡ. ಚೀಟಿ ಅಲ್ಲೇ ಇತ್ತು.

ಓಡಿದ. ಕೌಂಟರಿನ ಗುಮಾಸ್ತ ಗಡಿಯಾರದ ಕಡೆ ಬೆರಳು ತೋರಿಸಿದ. ಕನ್ನಡದ ಭಾಷಾಂತರಕಾರ ಇವತ್ತು ಬಂದಿಲ್ಲ, ನಾಳೆ ಕೊಡಿ ಎಂದ. ಮೇಷ್ಟ್ರ ಸರದಿ ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಸದನದೊಳಗೆ ಓಡಾಡುವ ಜವಾನನ ಕೈಯಲ್ಲಿ ಒಂದು ಸಾಲು ಬರೆದು ಕಳಿಸಬಹುದಿತ್ತು. ಮೇಷ್ಟ್ರು ಎದ್ದು ನನಗೆ ನಾಳೆ ಕೊಡಿ ಎನ್ನುತ್ತಿದ್ದರು. ಕೊಡುತ್ತಿದ್ದರೋ ಇಲ್ಲವೋ, ಕೇಳುತ್ತಿದ್ದರು. ಕೆಂಚೇಶ್ ಪೆನ್ನು ತೆಗೆದ. ಮರೆತೆ ಎಂದು ಹೇಗೆ ಬರೆಯುವುದು ಎಂದು ಯೋಚಿಸುತ್ತಾ ನಿಂತ. ನಿಂತೇ ಇದ್ದ.

ಮೈಕಿನಲ್ಲಿ ಮೇಷ್ಟ್ರ ಹೆಸರು ಕೇಳಿಸಿತು.

ಹೊರಗೆ ಬಂದಾಗ ಅವರ ಅಂಗಿಯ ಬೆನ್ನು ಒದ್ದೆಯಾಗಿತ್ತು. ಕೈ ಖಾಲಿ; ಓದಿದ ಹಾಳೆಗಳನ್ನು ವಾಡಿಕೆಯಂತೆ ವರದಿಗಾರರ ಮೇಜಿಗೆ ಕೊಟ್ಟು ಬಂದಿದ್ದರು. ಬೇರೆ ಪ್ರತಿ ಇರಲಿಲ್ಲ.

“ಹೆಂಗಿತ್ತೋ?”

“ಚೆನ್ನಾಗಿತ್ತು ಮೇಷ್ಟ್ರೇ. ಎಲ್ರೂ ಕೇಳಿದ್ರು.”

“ಸದ್ದೇ ಇರ್ಲಿಲ್ಲ ಅಲ್ವ?” ಎಂದರು ಮೇಷ್ಟ್ರು. ಅವರ ಮುಖದಲ್ಲಿ ಸಂತೋಷವಿತ್ತು.

ಸಂಜೆ ಮಂತ್ರಿಗಳು ಎಲ್ಲರ ಪ್ರಶ್ನೆಗೂ ಉತ್ತರ ಕೊಟ್ಟರು. ಗುಲ್ಜಾರ್‌ಬೀ ಹೆಸರು ಬರಲಿಲ್ಲ. ಉತ್ತರ ಬರೆದು ಕಳಿಸುತ್ತಾರೆ ಎಂದು ಮೇಷ್ಟ್ರಿಗೆ ಹೇಳಿದ ಕೆಂಚೇಶ್. ಚೀಟಿಯ ವಿಷಯ ನಾಳೆ ಹೇಳಿಬಿಡೋಣ ಎಂದುಕೊಂಡ. ಹನ್ನೊಂದು ತಿಂಗಳ ಮೇಲೆ ನ್ಯಾಮತಿಗೆ ಯಾವನೋ ಏಜೆಂಟನ ಫೋನು ಬಂತು: ಹೆಂಗಸು ಹೋದ ವಾರ ತೀರಿಕೊಂಡಳು, ಅಲ್ಲೇ ಮಣ್ಣು ಮಾಡಿದ್ದಾರೆ. ಅಷ್ಟು ದಿನವೂ ಅವಳು ಬದುಕಿದ್ದಳು. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

* * *

ಮೂರು ಗಂಟೆಗೆ ಮೇಷ್ಟ್ರನ್ನು ಬಿದಿರಿನ ವಿಮಾನದಲ್ಲಿ ಕೂರಿಸಿ ಹೊಲಕ್ಕೆ ಹೊತ್ತರು. ಸೊಕ್ಕೆಯ ನೆಲ ಹಾರೆಗೆ ಬಗ್ಗದೆ ಜೆಸಿಬಿ ತರಿಸಿದ್ದರು. ಗುಂಡಿ ಬೇಕಾದ್ದಕ್ಕಿಂತ ಎರಡರಷ್ಟು ದೊಡ್ಡದಾಗಿತ್ತು.

“ಮೇಷ್ಟ್ರಿಗಾ, ಟ್ರ್ಯಾಕ್ಟರಿಗಾ?” ಎಂದು ಯಾರೋ ಡ್ರೈವರನ್ನು ಬೈದರು.

ಕೆಂಚೇಶ್ ಗುಂಡಿಗಿಳಿದ. ಗುಂಡಿಯ ಪಕ್ಕಕ್ಕೆ ಕೊರೆದ ಗೂಡಿನೊಳಗೆ ಮೇಷ್ಟ್ರನ್ನು ಕೂರಿಸಿ, ತೊಡೆಯ ಸುತ್ತ ಉಪ್ಪು ಸುರಿದ, ವಿಭೂತಿ ಗಟ್ಟಿಗಳನ್ನಿಟ್ಟ. ಕೊನೆಗೆ ತಾನೇ ಕಟ್ಟಿದ್ದ ಹಣೆಯ ಬಟ್ಟೆ ಬಿಚ್ಚಿದ. ತಲೆ ಈಗ ವಾಲಲಿಲ್ಲ. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಉತ್ತರ ಬಂತೇನೋ ಎಂದು ಕೇಳುವಾಗ ಇದ್ದಂತೆಯೇ ಇತ್ತು ಮುಖ. ಕೆಂಚೇಶ್ ಬೇಗ ಬೇಗ ಮೇಲೆ ಹತ್ತಿದ.

ಮಣ್ಣಿನ ಗುಡ್ಡೆಯ ಆಚೆ ಬದಿಗೆ ಅನೀಸ್ ಕೂತಿದ್ದ. ತೊಡೆಯ ಮೇಲೆ ಒಂದು ಸಂಪುಟ ತೆರೆದಿತ್ತು.

“ಸುನಿತಕ್ಕನ ಕೇಳಿ ತಗಂಬಂದೆ. ನೀವು ಕೆಲ್ಸದಾಗಿದ್ರಿ,” ಎಂದ. “ತಾರೀಕು ಅಬ್ಬಾಗೆ ಬಾಯಿಪಾಠ. ಸಿಕ್ತು. ಆದ್ರೆ ಇಲ್ಲಿ ಏನೂ ಇಲ್ಲಲ್ಲ ಅಣ್ಣ?”

ಮೇಷ್ಟ್ರ ಹೆಸರು ದಪ್ಪಕ್ಷರದಲ್ಲಿತ್ತು. ಅದರ ಮುಂದೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಸದಸ್ಯರು ಕನ್ನಡದಲ್ಲಿ ಮಾತನಾಡಿದರು. ಕೆಳಗೆ ಬೇರೆ ಯಾವುದೋ ರಾಜ್ಯದವರ ಭಾಷಣ ಶುರುವಾಗಿತ್ತು.

“ಕನ್ನಡದ್ದು ಅಚ್ಚು ಹಾಕಲ್ಲ ಅವ್ರು,” ಎಂದ ಕೆಂಚೇಶ್.

“ಕೆರೆ ವಿಷಯದ್ದು ಹಾಕ್ಯಾರೆ. ಬ್ಯಾರೆ ಪುಸ್ತಕದಾಗೆ ನೋಡ್ದೆ. ಒಂದೂವರೆ ಪುಟ ಐತೆ, ಇಂಗ್ಲಿಷ್‌ನಾಗೆ.”

ಕೆಂಚೇಶ್ ಪುಟವನ್ನೇ ನೋಡುತ್ತಿದ್ದ. ಅದರ ಮೇಲಿನ ಮೂಲೆ ಮಡಿಸಿತ್ತು. ಒಮ್ಮೆ ಮಡಿಸಿದ್ದಲ್ಲ. ಮಡಿಸಿ, ಬಿಡಿಸಿ, ಮತ್ತೆ ಮಡಿಸಿ ಕಾಗದ ಬಟ್ಟೆಯಂತೆ ಮೆತ್ತಗಾಗಿತ್ತು, ಬೆರಳಿನ ಕೊಳೆ ಹತ್ತಿತ್ತು. ಅವನು ಸಂಪುಟ ಕಸಿದುಕೊಂಡು ಹಿಂದೆ ಮುಂದೆ ತಿರುವಿದ. ಬೇರೆ ಯಾವ ಪುಟವನ್ನೂ ಯಾರೂ ಮಡಿಸಿರಲಿಲ್ಲ.

ಒಂದು ಸಾಲಿಗೂ ಒಂದೂವರೆ ಪುಟಕ್ಕೂ ಇರುವ ವ್ಯತ್ಯಾಸ ತಿಳಿಯಲು ಇಂಗ್ಲಿಷ್ ಬೇಕಾಗಿಲ್ಲ. ಮೇಷ್ಟ್ರು ನೋಡಿದ್ದರು. ನೋಡಿಯೇ ಇಷ್ಟು ವರ್ಷ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಕೇಳಿದ್ದರು. ಮಂತ್ರಿಗಳ ಉತ್ತರವನ್ನಲ್ಲ, ಕೆಂಚನ ಉತ್ತರವನ್ನು.

ಕೆಂಚೇಶ್ ಅಲ್ಲೇ ಕುಕ್ಕರಿಸಿದ. ಹಿಂದುಗಡೆ ಜೆಸಿಬಿ ಸದ್ದು ಮಾಡತೊಡಗಿತ್ತು.

“ಚೀಟಿ ಕೊಡೋದು ಮರೆತೆ ನಾನು,” ಎಂದ. ಒಮ್ಮೆ ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು. ಹತ್ತು ಗಂಟೆ, ಎಂಟು ಪಾಸು, ಅಡಕತ್ತರಿ, ಇಪ್ಪತ್ತು ನಿಮಿಷ. “ಒಳಗೆ ಯಾರೂ ಇರ್ಲಿಲ್ಲ. ಒಬ್ಬರಿಗೂ ಒಂದು ಮಾತೂ ತಿಳೀಲಿಲ್ಲ. ಅದಕ್ಕೇ ಸುಮ್ನೆ ಕುಂತಿದ್ರು.”

ಅನೀಸ್ ತಿರುಗಿ ನೋಡಿದ. ಗುಂಡಿಯ ಹತ್ತಿರ ಪರಶುರಾಮ್ ಹೊನ್ನಾಳಿಯವರಿಬ್ಬರನ್ನು ನಿಲ್ಲಿಸಿಕೊಂಡು ಕೈ ಆಡಿಸುತ್ತಿದ್ದ.

“ಆಯಪ್ಪಂಗೆ ಗೊತ್ತಾ?”

“ಇಲ್ಲ.”

“ಅಡಕತ್ತರಿ ವಾಪಸ್ ಕೊಟ್ರಾ?”

“ಕೊಟ್ರು.”

ಅನೀಸ್ ಎದ್ದು ಪ್ಯಾಂಟಿನ ಮಣ್ಣು ಕೊಡವಿದ. ಹೊಡೆಯುತ್ತಾನೆ ಎಂದುಕೊಂಡ ಕೆಂಚೇಶ್. ಹೊಡೆಯಲಿ ಎಂದೂ ಅನ್ನಿಸಿತು. “ಅಬ್ಬಾಗೆ ಏನು ಹೇಳ್ಲಿ ನಾನು?” ಎಂದ ಅನೀಸ್. “ಹೇಳ್ರಿ. ಬರೆದವರು ನೀವೇ ಅಲ್ವ, ಏನು ಹೇಳ್ಲಿ?”

“ನಾನು ಬರೆದೋನಲ್ಲ. ಎಣಿಸಿದೋನು.”

“ನೆನಪೈತಾ ಮತ್ತೆ? ಹೇಳ್ರಿ, ಬರ್ಕಂತೀನಿ.”

ಕೆಂಚೇಶ್ ಕಣ್ಣು ಮುಚ್ಚಿದ. ಸಂಖ್ಯೆ ನೆನಪಿತ್ತು. ಎಲ್ಲಿ ಹೊಡೆದರು, ಎಲ್ಲಿ ಸೇರಿಸಿದರು ಎಂಬುದು ನೆನಪಿತ್ತು. ಮಾತು ಇರಲಿಲ್ಲ.

* * *

ಕೊನೆಯ ಬಸ್ಸಿಗೆ ಹೊತ್ತಿತ್ತು. ಜಗಳೂರಿನ ಅಂಗಡಿಯ ಶಟರನ್ನು ಕೆಂಚೇಶ್ ಅರ್ಧ ಎತ್ತಿ ಒಳಗೆ ನುಸುಳಿದ. ಅನೀಸ್ ಹಿಂದೆ ಬಂದ. ಸ್ಟೂಲು ಖಾಲಿಯಿತ್ತು. ಅವನು ಕೂರಲಿಲ್ಲ.

“ಉಳಿದೋರ ಮಾತು ಬ್ಯಾಡ,” ಎಂದ. “ಅದೊಂದೇ ಸಾಲು ಬರ್ಲಿ.”

ಕೆಂಚೇಶ್ ಸಂಪುಟವನ್ನು ಗಾಜಿನ ಮೇಲೆ ಮಗುಚುವ ಮುಂಚೆ ಆ ಸಾಲಿನ ಮೇಲೊಂದು, ಕೆಳಗೊಂದು ಬಿಳಿ ಹಾಳೆ ಅಂಟಿಸಿದ. ಜನ ಜಮೀನಿನ ಪಹಣಿಯಲ್ಲಿ ದಾಯಾದಿಗಳ ಹೆಸರು ಕಾಣದಂತೆ ಮಾಡಿಸಿಕೊಳ್ಳುವಾಗ ಹೀಗೇ ಮಾಡುತ್ತಿದ್ದ. ಗುಂಡಿ ಒತ್ತಿದ. ಬೆಳಕಿನ ಗೆರೆ ಅತ್ತ ಹೋಗಿ ಇತ್ತ ಬಂತು.

ಬಿಸಿ ಹಾಳೆ ಹೊರಗೆ ಬಂತು. ನಡುವೆ ಒಂದು ಸಾಲು. ಮಿಕ್ಕಿದ್ದೆಲ್ಲ ಬಿಳಿ.

“ಈಗ ಹೇಳ್ರಿ,” ಎಂದ ಅನೀಸ್. ಪೆನ್ನು ತೆಗೆದಿದ್ದ.

“ಅಧ್ಯಕ್ಷರೇ, ಹೊನ್ನಾಳಿ ತಾಲ್ಲೂಕು ನ್ಯಾಮತಿಯ ಗುಲ್ಜಾರ್‌ಬೀ ಎಂಬ ಹೆಣ್ಣುಮಗಳು ಏಳು ತಿಂಗಳಿಂದ ಮನೆಗೆ ಫೋನು ಮಾಡಿಲ್ಲ.” ಹೊಲದಲ್ಲಿ ನೆನಪಾಗದ ಮೊದಲ ಮಾತು ಈಗ ಬಂದಿತ್ತು; ಕೆಂಚೇಶ್ ಬೆರಳು ಮಡಿಚುತ್ತಾ ಹೇಳಿದ. “ಆಕೆ ಬದುಕಿದ್ದಾಳೋ ಇಲ್ಲವೋ ಎಂದು ಕೇಳಲು ನನ್ನನ್ನು ಇಲ್ಲಿಗೆ ಕಳಿಸಿದ್ದಾರೆ.”

ಅನೀಸ್ ಬರೆದ. ತಾಯಿಯ ಹೆಸರನ್ನು ತಿದ್ದಿ ದಪ್ಪ ಮಾಡಿದ.

“ಮುಂದೆ?”

ಕೆಂಚೇಶ್ ಮಡಿಚಿದ ಬೆರಳುಗಳನ್ನು ಮತ್ತೆ ಎಣಿಸಿದ. ಯಂತ್ರ ಇನ್ನೂ ಗುಂಯ್‌ಗುಡುತ್ತಿತ್ತು.

“ಮುಂದೆ ಅಣ್ಣ?”

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಅನೀಸ್ ಪೆನ್ನಿನ ಮುಚ್ಚಳ ಹಾಕಿ, ಹಾಳೆ ಮಡಿಸದೆ ಹಿಡಿದುಕೊಂಡು ಶಟರಿನಡಿ ಬಗ್ಗಿ ಹೋದ.

ಹಾಳೆಯ ಮೇಲೆ ಬರೆದದ್ದು ಇಪ್ಪತ್ತು ಪದ. ಹೋದದ್ದು ನಾನೂರ ಹದಿನಾರು ಪದ, ನಾಲ್ಕು ನಿಮಿಷ, ಹನ್ನೊಂದು ತಿಂಗಳು, ಒಬ್ಬ ಹೆಂಗಸು.